ತ್ಸುಶಿಮಾ ಕದನ: ಅರ್ಧ ಭೂಗೋಳ ಸುತ್ತಿ ಬಂದು ಸೋತ ಹಡಗುಪಡೆ

ಜಪಾನ್ ಮತ್ತು ಕೊರಿಯಾ ನಡುವಿನ ಕಡಲ ದಾರಿಯನ್ನು ತ್ಸುಶಿಮಾ ಎಂಬ ದ್ವೀಪ ಎರಡಾಗಿ ಸೀಳುತ್ತದೆ. ಆ ದ್ವೀಪದ ಪೂರ್ವಕ್ಕಿರುವ ನೀರಿನಲ್ಲಿ 1905ರ ಮೇ 27 ಮತ್ತು 28ರಂದು ರಷ್ಯಾ ಮತ್ತು ಜಪಾನಿನ ಹಡಗುಪಡೆಗಳು ಕಾದಾಡಿದವು. ಉಕ್ಕಿನ ಕವಚ ತೊಟ್ಟ, ಉಗಿಯಂತ್ರದಿಂದ ಓಡುವ ಯುದ್ಧನೌಕೆಗಳು ಇಷ್ಟು ದೊಡ್ಡ ಸಂಖ್ಯೆಯಲ್ಲಿ ಮುಖಾಮುಖಿಯಾಗಿ ನಿಚ್ಚಳ ತೀರ್ಪು ಕೊಟ್ಟ ಮೊದಲ ಕದನ ಅದು. ಯುರೋಪಿನ ದೊಡ್ಡ ಸಾಮ್ರಾಜ್ಯವೊಂದರ ಹಡಗುಪಡೆ ಎರಡು ದಿನಗಳಲ್ಲಿ ಹೆಚ್ಚುಕಡಿಮೆ ಇಲ್ಲವಾಯಿತು. ತೋಪುಗಳು ಗರ್ಜಿಸಿದ್ದು ಮೇ 27ರ ಮಧ್ಯಾಹ್ನವಾದರೂ, ಸೋಲು ಗೆಲುವಿನ ಬೀಜ ಅದಕ್ಕೂ ತಿಂಗಳುಗಳ ಮೊದಲೇ ಕಲ್ಲಿದ್ದಲಿನ ದಾಸ್ತಾನಿನಲ್ಲಿ, ದುರಸ್ತಿಕಟ್ಟೆಗಳಲ್ಲಿ, ನಾವಿಕರ ಅಭ್ಯಾಸದಲ್ಲಿ ಬಿದ್ದಿತ್ತು. ಈ ಕದನವನ್ನು ಅರಿಯಬೇಕಾದರೆ ಅಲ್ಲಿಂದಲೇ ಹೊರಡಬೇಕು.

ಜಗಳದ ಮೂಲ

1894–95ರ ಯುದ್ಧದಲ್ಲಿ ಜಪಾನ್ ಚೀನಾವನ್ನು ಸೋಲಿಸಿ, ಶಿಮೊನೊಸೆಕಿ ಒಪ್ಪಂದದ ಮೂಲಕ ಮಂಚೂರಿಯಾದ ದಕ್ಷಿಣಕ್ಕೆ ಚಾಚಿಕೊಂಡ ಲಿಯಾವೊದೊಂಗ್ ಪರ್ಯಾಯದ್ವೀಪವನ್ನು ಪಡೆದುಕೊಂಡಿತು. ರಷ್ಯಾ, ಜರ್ಮನಿ ಮತ್ತು ಫ್ರಾನ್ಸ್ ಒಂದಾಗಿ ಒತ್ತಡ ಹೇರಿದ್ದರಿಂದ ಅದನ್ನು ಹಿಂದಿರುಗಿಸಬೇಕಾಯಿತು. ಮೂರೇ ವರ್ಷಗಳಲ್ಲಿ, 1898ರಲ್ಲಿ, ರಷ್ಯಾ ಅದೇ ನೆಲವನ್ನು ಚೀನಾದಿಂದ ಗುತ್ತಿಗೆಗೆ ಪಡೆದು ಪೋರ್ಟ್ ಆರ್ಥರ್ ಬಂದರನ್ನು ತನ್ನ ನೌಕಾನೆಲೆ ಮಾಡಿಕೊಂಡಿತು. ಪೆಸಿಫಿಕ್ ತೀರದಲ್ಲಿರುವ ರಷ್ಯಾದ ಬಂದರು ವ್ಲಾದಿವೊಸ್ತೊಕ್ ಚಳಿಗಾಲದಲ್ಲಿ ಹೆಪ್ಪುಗಟ್ಟುತ್ತಿತ್ತು. ಪೋರ್ಟ್ ಆರ್ಥರ್ ವರ್ಷವಿಡೀ ತೆರೆದಿರುತ್ತಿತ್ತು. ತಾನು ರಕ್ತ ಸುರಿಸಿ ಗೆದ್ದದ್ದು ಮತ್ತೊಬ್ಬರ ಪಾಲಾಯಿತೆಂಬ ಸಿಟ್ಟು ಜಪಾನಿನಲ್ಲಿ ಕುದಿಯುತ್ತಲೇ ಇತ್ತು. ಕೊರಿಯಾದ ಮೇಲೂ ರಷ್ಯಾದ ಕಣ್ಣು ಬಿದ್ದಾಗ ಯುದ್ಧ ಹತ್ತಿರವಾಯಿತು.

ಜಪಾನ್ ಈ ನಡುವೆ ಬ್ರಿಟನ್ನಿನ ಕಾರ್ಖಾನೆಗಳಲ್ಲಿ ಆರು ಹೊಸ ಯುದ್ಧನೌಕೆಗಳನ್ನು ಕಟ್ಟಿಸಿಕೊಂಡಿತು. 1902ರಲ್ಲಿ ಬ್ರಿಟನ್ನಿನೊಂದಿಗೆ ಮೈತ್ರಿ ಮಾಡಿಕೊಂಡಿತು. ಈ ಮೈತ್ರಿಯ ಬೆಲೆ ಮುಂದೆ ರಷ್ಯಾದ ಹಡಗುಗಳು ಕಲ್ಲಿದ್ದಲಿಗಾಗಿ ಪರದಾಡಿದಾಗ ಗೊತ್ತಾಯಿತು.

ಆ ಕಾಲದ ಯುದ್ಧನೌಕೆ

ಇಪ್ಪತ್ತನೆಯ ಶತಮಾನದ ಆರಂಭದ ಯುದ್ಧನೌಕೆ ಸುಮಾರು 12ರಿಂದ 15 ಸಾವಿರ ಟನ್ ತೂಗುತ್ತಿತ್ತು. ಹಡಗಿನ ಮುಂದೊಂದು ಹಿಂದೊಂದು ತಿರುಗುವ ಉಕ್ಕಿನ ಗೋಪುರ, ಒಂದೊಂದರಲ್ಲೂ 12 ಇಂಚು ಬಾಯಗಲದ ಎರಡು ಭಾರಿ ತೋಪುಗಳು. ಎರಡೂ ಮಗ್ಗುಲುಗಳಲ್ಲಿ ಬೇಗ ಬೇಗ ಹಾರಿಸಬಲ್ಲ ಆರು ಇಂಚಿನ ತೋಪುಗಳ ಸಾಲು. ಜಪಾನಿನ 12 ಇಂಚಿನ ಗುಂಡೊಂದರ ತೂಕವೇ ಸುಮಾರು 385 ಕಿಲೊ. ನೀರಿನ ಮಟ್ಟದ ಉದ್ದಕ್ಕೂ ದಪ್ಪ ಉಕ್ಕಿನ ಪಟ್ಟಿ ಹಡಗಿನ ಒಡಲನ್ನು ಕಾಯುತ್ತಿತ್ತು.

ಇಂಥ ಹಡಗುಗಳು ಒಂದರ ಹಿಂದೊಂದು ಸಾಲಾಗಿ ಸಾಗಿ ಹೋರಾಡುತ್ತಿದ್ದವು. ಹಾಗೆ ಸಾಗಿದರೆ ಪ್ರತಿ ಹಡಗಿಗೂ ತನ್ನ ಮಗ್ಗುಲಿನ ಎಲ್ಲ ತೋಪುಗಳನ್ನು ಬಳಸಲು ಸಾಧ್ಯ. ವೇಗವಾಗಿ ಓಡುವ ಸಾಲು ಎದುರಾಳಿಯ ಸಾಲಿನ ತಲೆಯ ಮುಂದೆ ಅಡ್ಡ ಹಾಯ್ದರೆ ಇಂಗ್ಲಿಷಿನ ಟಿ ಅಕ್ಷರದ ಆಕಾರ ಮೂಡುತ್ತದೆ. ಆಗ ಅಡ್ಡ ಹಾಯ್ದವರ ಎಲ್ಲ ಹಡಗುಗಳ ಬೆಂಕಿ ಎದುರಾಳಿಯ ಮುಂದಿನ ಹಡಗಿನ ಮೇಲೆ ಸುರಿಯುತ್ತದೆ. ಎದುರಾಳಿಗೆ ಮಾತ್ರ ಮುಂದಿನ ಕೆಲವೇ ತೋಪುಗಳು ಉಪಯೋಗಕ್ಕೆ ಬರುತ್ತವೆ. ಪ್ರತಿಯೊಬ್ಬ ಅಡ್ಮಿರಲ್‌ನೂ ಹಂಬಲಿಸುತ್ತಿದ್ದ ಸ್ಥಾನ ಅದು. ಅದನ್ನು ಹಿಡಿಯಲು ಬೇಕಾದದ್ದು ವೇಗ. ವೇಗಕ್ಕೆ ಒಳ್ಳೆಯ ಕಲ್ಲಿದ್ದಲು, ಕೆಡದ ಬಾಯ್ಲರು ಮತ್ತು ಶುಚಿಯಾದ ಹಡಗಿನಡಿ ಬೇಕು.

ಇವುಗಳ ಜೊತೆಗೆ ಹೊಸದಾಗಿ ಬಂದ ಮೂರು ಸಾಧನಗಳು ಸಾಗರಯುದ್ಧವನ್ನು ಬದಲಾಯಿಸುತ್ತಿದ್ದವು. ಚಿಕ್ಕ ದೋಣಿಯೂ ದೊಡ್ಡ ಹಡಗನ್ನು ಮುಳುಗಿಸುವಂತೆ ಮಾಡಿದ್ದು ಟಾರ್ಪೆಡೊ. ನೀರಿನಡಿ ಅಡಗಿಸಿಟ್ಟು ದಾರಿಯನ್ನೇ ಮುಚ್ಚುವಂಥದ್ದು ಮೈನು. ಕಣ್ಣಿಗೆ ಕಾಣದಷ್ಟು ದೂರದಿಂದ ಸುದ್ದಿ ಮುಟ್ಟಿಸಬಲ್ಲದ್ದು ವೈರ್‌ಲೆಸ್. ತ್ಸುಶಿಮಾದ ಕಥೆಯಲ್ಲಿ ಈ ಮೂರಕ್ಕೂ ಪಾತ್ರವಿದೆ.

ಪೋರ್ಟ್ ಆರ್ಥರ್‌ನ ಪತನ

1904ರ ಫೆಬ್ರವರಿ 8ರ ರಾತ್ರಿ, ಯುದ್ಧ ಘೋಷಣೆಗೂ ಮೊದಲೇ, ಜಪಾನಿನ ಡೆಸ್ಟ್ರಾಯರುಗಳು ಪೋರ್ಟ್ ಆರ್ಥರ್‌ನ ಹೊರಗೆ ಲಂಗರು ಹಾಕಿದ್ದ ರಷ್ಯಾದ ಹಡಗುಗಳ ಮೇಲೆ ಟಾರ್ಪೆಡೊ ಬಿಟ್ಟವು. ಎರಡು ಯುದ್ಧನೌಕೆಗಳಿಗೂ ಒಂದು ಕ್ರೂಸರಿಗೂ ಪೆಟ್ಟು ಬಿತ್ತು. ಬಳಿಕ ಬಂದರನ್ನು ಜಪಾನ್ ಕಡಲ ಕಡೆಯಿಂದ ದಿಗ್ಬಂಧಿಸಿತು. ರಷ್ಯಾದ ಪಡೆಗೆ ಹುರುಪು ತುಂಬಿದ್ದ ಅಡ್ಮಿರಲ್ ಸ್ತೆಪಾನ್ ಮಕಾರೊವ್ ಏಪ್ರಿಲ್ 13ರಂದು ತನ್ನ ಧ್ವಜನೌಕೆ ಪೆತ್ರೊಪಾವ್ಲೊವ್ಸ್ಕ್ ಮೈನಿಗೆ ಬಡಿದು ಮುಳುಗಿದಾಗ ಅಸುನೀಗಿದ. ಅದೇ ಹಡಗಿನಲ್ಲಿದ್ದ ಹೆಸರಾಂತ ಚಿತ್ರಕಾರ ವಸಿಲಿ ವೆರೆಶ್ಚಾಗಿನ್ ಕೂಡ ಸತ್ತ. ಮೈನುಗಳು ಜಪಾನನ್ನೂ ಬಿಡಲಿಲ್ಲ: ಮೇ 15ರಂದು ಅದರ ಆರು ಯುದ್ಧನೌಕೆಗಳಲ್ಲಿ ಎರಡು, ಹಾತ್ಸುಸೆ ಮತ್ತು ಯಾಶಿಮಾ, ಒಂದೇ ದಿನ ಮೈನುಗಳಿಗೆ ಬಲಿಯಾದವು.

ಆಗಸ್ಟ್ 10ರಂದು ಪೋರ್ಟ್ ಆರ್ಥರ್‌ನ ಪಡೆ ದಿಗ್ಬಂಧನ ಮುರಿದು ವ್ಲಾದಿವೊಸ್ತೊಕ್ ಸೇರಲು ಹೊರಟಿತು. ಹಳದಿ ಸಮುದ್ರದ ಕದನದಲ್ಲಿ ಅದರ ಅಡ್ಮಿರಲ್ ವಿತ್‌ಗೆಫ್ಟ್ ಗುಂಡಿಗೆ ಬಲಿಯಾದ, ಸಾಲು ಚದುರಿತು, ಬಹುಪಾಲು ಹಡಗುಗಳು ಬಂದರಿಗೇ ಮರಳಿದವು. ಡಿಸೆಂಬರಿನಲ್ಲಿ ಜಪಾನಿನ ಭೂಸೇನೆ ಸಾವಿರಾರು ಸೈನಿಕರನ್ನು ಕಳೆದುಕೊಂಡು ಬಂದರಿನ ಮೇಲಿನ 203 ಮೀಟರ್ ಗುಡ್ಡವನ್ನು ಹಿಡಿಯಿತು. ಅಲ್ಲಿಂದ ಗುರಿ ನೋಡಿ ಹೇಳಿದಂತೆ ಭಾರಿ ತೋಪುಗಳು ಬಂದರಿನೊಳಗಿನ ಹಡಗುಗಳನ್ನು ಒಂದೊಂದಾಗಿ ಒಡೆದುಹಾಕಿದವು. 1905ರ ಜನವರಿ 2ರಂದು ಪೋರ್ಟ್ ಆರ್ಥರ್ ಶರಣಾಯಿತು.

ಹದಿನೆಂಟು ಸಾವಿರ ಮೈಲುಗಳ ಪಯಣ

ಪೋರ್ಟ್ ಆರ್ಥರ್ ಇನ್ನೂ ಉಳಿದಿದ್ದಾಗಲೇ ಅದರ ನೆರವಿಗೆಂದು ರಷ್ಯಾ ತನ್ನ ಬಾಲ್ಟಿಕ್ ಹಡಗುಪಡೆಯನ್ನು ಹೊರಡಿಸಿತ್ತು. ಅಡ್ಮಿರಲ್ ಜಿನೊವಿ ರೊಜೆಸ್ತ್‌ವೆನ್‌ಸ್ಕಿಯ ಮುಂದಾಳ್ತನದಲ್ಲಿ 1904ರ ಅಕ್ಟೋಬರ್ 15ರಂದು ಲಿಬಾವು ಬಂದರು ಬಿಟ್ಟ ಈ ಪಡೆ ಸುಮಾರು 18,000 ನಾಟಿಕಲ್ ಮೈಲು ಸಾಗಬೇಕಿತ್ತು. ಅದರ ಬೆನ್ನೆಲುಬು ಬೊರೊದಿನೊ ಮಾದರಿಯ ನಾಲ್ಕು ಹೊಸ ಯುದ್ಧನೌಕೆಗಳು. ಅವುಗಳ ಜೊತೆ ಸವೆದ ಹಳೆಯ ಹಡಗುಗಳೂ ಇದ್ದವು. ನಾವಿಕರಲ್ಲಿ ಬಹಳಷ್ಟು ಮಂದಿ ಹೊಸಬರು.

ಪಯಣದ ಮೊದಲ ವಾರದಲ್ಲೇ ಅನಾಹುತವಾಯಿತು. ಜಪಾನಿನ ಟಾರ್ಪೆಡೊ ದೋಣಿಗಳು ಯುರೋಪಿನಲ್ಲೇ ಹೊಂಚು ಹಾಕಿವೆ ಎಂಬ ವದಂತಿ ಹಡಗುಗಳಲ್ಲಿ ಹಬ್ಬಿತ್ತು. ಅಕ್ಟೋಬರ್ 21ರ ರಾತ್ರಿ ಉತ್ತರ ಸಮುದ್ರದ ಡಾಗರ್ ಬ್ಯಾಂಕ್ ಬಳಿ ಬಲೆ ಬೀಸುತ್ತಿದ್ದ ಬ್ರಿಟಿಷ್ ಮೀನುಗಾರರ ದೋಣಿಗಳನ್ನು ಶತ್ರುಗಳೆಂದು ತಿಳಿದು ರಷ್ಯನ್ನರು ಗುಂಡು ಹಾರಿಸಿದರು. ಮೀನುಗಾರರು ಸತ್ತರು, ಒಂದು ದೋಣಿ ಮುಳುಗಿತು; ಗಲಿಬಿಲಿಯಲ್ಲಿ ರಷ್ಯನ್ನರ ಗುಂಡುಗಳು ತಮ್ಮದೇ ಕ್ರೂಸರ್ ಅರೋರಾಗೂ ತಾಗಿದವು. ಬ್ರಿಟನ್ ಯುದ್ಧಕ್ಕೆ ಇಳಿಯುವಷ್ಟು ಕೆರಳಿತು. ಕೊನೆಗೆ ರಷ್ಯಾ ಪರಿಹಾರ ಕೊಟ್ಟು ಪಾರಾಯಿತು.

ಇದಕ್ಕಿಂತ ದೊಡ್ಡ ಸಂಕಟ ಕಲ್ಲಿದ್ದಲಿನದು. ಯುದ್ಧನಿರತ ದೇಶದ ಹಡಗುಗಳಿಗೆ ತಟಸ್ಥ ದೇಶಗಳು ತಮ್ಮ ಬಂದರುಗಳಲ್ಲಿ ತಂಗಲು ಬಿಡುತ್ತಿದ್ದುದು ಅಲ್ಪಕಾಲ ಮಾತ್ರ. ದಾರಿಯ ಮುಖ್ಯ ಕಲ್ಲಿದ್ದಲು ಬಂದರುಗಳೆಲ್ಲ ಜಪಾನಿನ ಮಿತ್ರನಾದ ಬ್ರಿಟನ್ನಿನ ಕೈಯಲ್ಲಿದ್ದವು. ಹಾಗಾಗಿ ಜರ್ಮನಿಯ ಹ್ಯಾಂಬರ್ಗ್–ಅಮೆರಿಕ ಕಂಪನಿಯ ಸಾಗಣೆ ಹಡಗುಗಳಿಂದ, ಕೆಲವೊಮ್ಮೆ ತೆರೆದ ಕಡಲಿನಲ್ಲೇ, ಕಲ್ಲಿದ್ದಲು ತುಂಬಿಕೊಳ್ಳಬೇಕಿತ್ತು. ಮುಂದೆ ಎಲ್ಲಿ ಸಿಕ್ಕೀತೋ ಎಂಬ ಭಯದಿಂದ ಅಟ್ಟಗಳ ಮೇಲೆ, ಓಡಾಡುವ ಜಾಗಗಳಲ್ಲಿ, ಅಧಿಕಾರಿಗಳ ಕೋಣೆಗಳಲ್ಲೂ ಮೂಟೆಗಳನ್ನು ಒಟ್ಟಿದರು. ಮೊದಲೇ ಲೆಕ್ಕಕ್ಕಿಂತ ಭಾರವಾಗಿದ್ದ ಬೊರೊದಿನೊ ಮಾದರಿಯ ಹಡಗುಗಳು ಇನ್ನಷ್ಟು ತಗ್ಗಿ, ಕಾಯಬೇಕಾದ ಕವಚದ ಪಟ್ಟಿಯೇ ನೀರಿನಡಿಗೆ ಇಳಿಯಿತು.

ದೊಡ್ಡ ಹಡಗುಗಳು ಗುಡ್ ಹೋಪ್ ಭೂಶಿರವನ್ನು ಸುತ್ತಿದವು, ಚಿಕ್ಕವು ಸೂಯೆಜ್ ಕಾಲುವೆ ಹಾಯ್ದವು. ಮಡಗಾಸ್ಕರಿನ ನೋಸಿ ಬೇ ಬಳಿ ಎರಡೂ ಕೂಡಿದಾಗ ಪೋರ್ಟ್ ಆರ್ಥರ್ ಬಿದ್ದ ಸುದ್ದಿ ಸಿಕ್ಕಿತು. ಯಾರ ನೆರವಿಗೆ ಹೊರಟಿದ್ದರೋ ಅವರೇ ಇನ್ನಿರಲಿಲ್ಲ. ಸುಡುವ ಸೆಕೆ, ರೋಗ, ತಾಯ್ನಾಡಿನಲ್ಲಿ ಕ್ರಾಂತಿ ಎದ್ದಿದೆಯೆಂಬ ಸುದ್ದಿ ಇವುಗಳ ನಡುವೆ ಎರಡು ತಿಂಗಳಿಗೂ ಹೆಚ್ಚು ಕಾಲ ಪಡೆ ಅಲ್ಲೇ ಕೊಳೆಯಿತು. ಅಷ್ಟೂ ದಿನ ಬೆಚ್ಚಗಿನ ನೀರಿನಲ್ಲಿ ಪಾಚಿ ಮತ್ತು ಚಿಪ್ಪುಜೀವಿಗಳು ಹಡಗುಗಳ ಅಡಿಗೆ ಅಂಟಿ ಬೆಳೆದವು. ಮಾರ್ಚ್‌ನಲ್ಲಿ ಹಿಂದೂ ಮಹಾಸಾಗರವನ್ನು ದಾಟಲು ಹೊರಟ ಪಡೆ ಏಪ್ರಿಲ್ 8ರಂದು ಸಿಂಗಪುರದ ಮುಂದೆ ಹಾದುಹೋಯಿತು. ಮೇ 9ರಂದು ಇಂದಿನ ವಿಯೆಟ್ನಾಮಿನ ತೀರದಲ್ಲಿ ಅಡ್ಮಿರಲ್ ನೆಬೊಗಾತೊವ್ ತಂದ ಹಳೆಯ ಹಡಗುಗಳು ಸೇರಿಕೊಂಡವು. ಸಂಖ್ಯೆ ಹೆಚ್ಚಿತು, ಆದರೆ ಇಡೀ ಸಾಲು ಈಗ ಅತಿ ನಿಧಾನದ ಹಡಗಿನ ವೇಗಕ್ಕೆ ಕಟ್ಟುಬಿತ್ತು.

ಕಾಯುತ್ತಿದ್ದ ಟೋಗೊ

ಜಪಾನಿನ ಅಡ್ಮಿರಲ್ ಟೋಗೊ ಹೈಹಾಚಿರೊಗೆ ಈ ತಿಂಗಳುಗಳು ವರವಾದವು. 1848ರಲ್ಲಿ ಕಾಗೊಶಿಮಾದಲ್ಲಿ ಹುಟ್ಟಿದ ಟೋಗೊ ತರುಣನಾಗಿದ್ದಾಗ ಬ್ರಿಟನ್ನಿನಲ್ಲಿ ನೌಕಾವಿದ್ಯೆ ಕಲಿತಿದ್ದ. ಪೋರ್ಟ್ ಆರ್ಥರ್ ಬಿದ್ದ ಕೂಡಲೇ ಅವನು ತನ್ನ ಹಡಗುಗಳನ್ನು ಸರದಿಯಂತೆ ದುರಸ್ತಿಕಟ್ಟೆಗೆ ಕಳಿಸಿದ: ಒಡಲು ತಿಕ್ಕಿಸಿದ, ಯಂತ್ರಗಳನ್ನು ಸರಿಪಡಿಸಿದ. ಬಳಿಕ ಕೊರಿಯಾದ ಚಿನ್‌ಹೆ ಕೊಲ್ಲಿಯಲ್ಲಿ ತಂಗಿ ದಿನದಿನವೂ ಗುರಿಯ ಅಭ್ಯಾಸ ಮಾಡಿಸಿದ. ಭಾರಿ ಗುಂಡುಗಳು ವ್ಯರ್ಥವಾಗದಿರಲೆಂದು ತೋಪಿನ ನಳಿಗೆಯೊಳಗೆ ಬಂದೂಕು ಅಳವಡಿಸಿ, ಸಣ್ಣ ಗುಂಡುಗಳಿಂದಲೇ ತೋಪಿನವರ ಕೈ ಪಳಗಿಸಿದರು. ಯುದ್ಧದ ಯೋಜನೆಗಳನ್ನು ಹೆಣೆದವರಲ್ಲಿ ಮುಖ್ಯನಾದವನು ಟೋಗೊನ ಅಧಿಕಾರಿ ಅಕಿಯಾಮಾ ಸನೆಯುಕಿ.

ಪೋರ್ಟ್ ಆರ್ಥರ್ ಬಿದ್ದ ಮೇಲೆ ರಷ್ಯನ್ನರಿಗೆ ಉಳಿದ ಗುರಿ ವ್ಲಾದಿವೊಸ್ತೊಕ್. ಅದನ್ನು ಸೇರಲು ಮೂರು ಜಲಸಂಧಿಗಳ ದಾರಿಗಳಿದ್ದವು: ತ್ಸುಶಿಮಾ, ಹೊನ್‌ಶು ಮತ್ತು ಹೊಕ್ಕೈಡೊ ನಡುವಿನ ತ್ಸುಗಾರು, ಇನ್ನೂ ಉತ್ತರಕ್ಕಿರುವ ಲಾ ಪೆರೂಸ್. ತ್ಸುಶಿಮಾವೇ ನೇರ ದಾರಿ. ರಷ್ಯಾದ ಸಾಗಣೆ ಹಡಗುಗಳು ಶಾಂಘೈ ಬಂದರಿಗೆ ಹೋಗಿವೆ ಎಂಬ ಸುದ್ದಿ ಮೇ 26ರಂದು ಟೋಗೊಗೆ ತಲುಪಿತು. ಕಲ್ಲಿದ್ದಲು ಹೊತ್ತ ಹಡಗುಗಳನ್ನು ಕಳಿಸಿಬಿಟ್ಟವರು ಸುತ್ತು ದಾರಿ ಹಿಡಿಯುವುದಿಲ್ಲ. ಟೋಗೊ ಇದ್ದಲ್ಲೇ ಕಾದ.

ಮೇ 27ರ ಮಧ್ಯಾಹ್ನ

ಮೇ 27ರ ನಸುಕಿನಲ್ಲಿ, ದಟ್ಟ ಮಂಜಿನ ನಡುವೆ, ಕಾವಲಿಗೆ ನಿಂತಿದ್ದ ಶಿನಾನೊ ಮಾರು ಎಂಬ ಜಪಾನಿನ ಪ್ರಯಾಣಿಕ ಹಡಗಿಗೆ ದೀಪಗಳು ಕಂಡವು. ನಿಯಮದಂತೆ ದೀಪ ಹಚ್ಚಿಕೊಂಡು ಸಾಗುತ್ತಿದ್ದ ರಷ್ಯಾದ ಆಸ್ಪತ್ರೆ ಹಡಗು ಅದು. ಅದರ ಜಾಡು ಹಿಡಿದು ಹೋದ ಶಿನಾನೊ ಮಾರು ಇಡೀ ಹಡಗುಪಡೆಯ ನಡುವೆ ಬಂದಿತ್ತು. ಐದು ಗಂಟೆಯ ಸುಮಾರಿಗೆ ಅದರ ವೈರ್‌ಲೆಸ್ ಸಂದೇಶ ಟೋಗೊನತ್ತ ಹಾರಿತು. ಅಲ್ಲಿಂದ ಮುಂದೆ ಜಪಾನಿನ ಕ್ರೂಸರುಗಳು ರಷ್ಯನ್ನರ ಪಕ್ಕಕ್ಕೇ ಅಂಟಿಕೊಂಡು ಅವರ ದಿಕ್ಕು, ವೇಗ, ಸಾಲಿನ ಕ್ರಮವನ್ನು ಕ್ಷಣಕ್ಷಣಕ್ಕೂ ತಿಳಿಸುತ್ತ ಹೋದವು. ಶತ್ರು ಕಣ್ಣಿಗೆ ಬೀಳುವ ಮೊದಲೇ ಟೋಗೊಗೆ ಅವನ ನಡೆಯೆಲ್ಲ ತಿಳಿದಿತ್ತು.

ಮಧ್ಯಾಹ್ನ 1.55ಕ್ಕೆ ಧ್ವಜನೌಕೆ ಮಿಕಾಸಾದ ಮೇಲೆ ಝಡ್ ಬಾವುಟ ಏರಿತು. ಸಾಮ್ರಾಜ್ಯದ ಅಳಿವು ಉಳಿವು ಈ ಕದನದಲ್ಲಿದೆ, ಪ್ರತಿಯೊಬ್ಬನೂ ಶಕ್ತಿಮೀರಿ ಹೋರಾಡಲಿ ಎಂಬುದು ಅದರ ಅರ್ಥ. ಟೋಗೊನ ಸಾಲಿನಲ್ಲಿ ನಾಲ್ಕು ಯುದ್ಧನೌಕೆಗಳು, ಎಂಟು ಕವಚದ ಕ್ರೂಸರುಗಳು ಇದ್ದವು. ಭಾರಿ ತೋಪುಗಳ ಎಣಿಕೆಯಲ್ಲಿ ರಷ್ಯನ್ನರದೇ ಮೇಲುಗೈ. ವೇಗದಲ್ಲಿ ಮಾತ್ರ ಹೋಲಿಕೆಯೇ ಇರಲಿಲ್ಲ: ಜಪಾನ್ 15 ನಾಟ್, ರಷ್ಯಾ ಸುಮಾರು 9.

2.05ರ ಹೊತ್ತಿಗೆ ಟೋಗೊ ಕದನದ ಅತ್ಯಂತ ಅಪಾಯದ ಆಜ್ಞೆ ಕೊಟ್ಟ. ರಷ್ಯನ್ನರಿಗೆ ಎದುರಾಗಿ ಬರುತ್ತಿದ್ದ ತನ್ನ ಸಾಲನ್ನು ಅವರ ಕಣ್ಣೆದುರೇ ಎಡಕ್ಕೆ ತಿರುಗಿಸಿ, ಅವರು ಹೋಗುತ್ತಿದ್ದ ದಿಕ್ಕಿಗೇ ಮುಖ ಮಾಡಿಸಿದ. ಹಡಗುಗಳು ಒಂದರ ಹಿಂದೊಂದು ಅದೇ ಜಾಗದಲ್ಲಿ ತಿರುಗಬೇಕಿತ್ತು. ಆ ಒಂದು ಬಿಂದುವಿಗೆ ಗುರಿ ಇಟ್ಟರೆ ಸಾಕೆಂಬಂತೆ ರಷ್ಯನ್ನರು ಸುಮಾರು ಏಳು ಸಾವಿರ ಮೀಟರ್ ದೂರದಿಂದ ಬೆಂಕಿ ಸುರಿದರು. ಮಿಕಾಸಾಗೆ ಮೊದಲ ಕಾಲು ಗಂಟೆಯಲ್ಲೇ ಸುಮಾರು ಹದಿನೈದು ಗುಂಡುಗಳು ತಾಗಿದವು. ಆದರೂ ಯಾವ ಹಡಗೂ ನಿಲ್ಲಲಿಲ್ಲ. ತಿರುವು ಮುಗಿದಾಗ ಜಪಾನಿನ ಸಾಲು ರಷ್ಯನ್ನರ ತಲೆಯ ಮುಂದಕ್ಕೆ ಬಾಗಿ ಬರುವ ಸ್ಥಾನ ಹಿಡಿದಿತ್ತು. ಹನ್ನೆರಡು ಹಡಗುಗಳ ಬೆಂಕಿ ರಷ್ಯಾದ ಎರಡು ವಿಭಾಗಗಳ ತಲೆಯಲ್ಲಿದ್ದ ಹಡಗುಗಳ ಮೇಲೆ, ಧ್ವಜನೌಕೆ ಕ್ನ್ಯಾಜ್ ಸುವೊರೊವ್ ಮತ್ತು ಒಸ್ಲ್ಯಾಬ್ಯಾ ಮೇಲೆ ನೆಟ್ಟಿತು.

ಜಪಾನಿನ ಗುಂಡುಗಳಲ್ಲಿ ಪಿಕ್ರಿಕ್ ಆಮ್ಲದಿಂದ ತಯಾರಿಸಿದ ಶಿಮೋಸೆ ಎಂಬ ಸಿಡಿಮದ್ದು ಇತ್ತು. ಈ ಗುಂಡುಗಳು ಕವಚವನ್ನು ಕೊರೆದು ಒಳನುಗ್ಗುವುದಕ್ಕಿಂತ ತಾಗಿದ ಕೂಡಲೇ ಸಿಡಿದು, ಉಕ್ಕನ್ನು ಚೂರುಚೂರು ಮಾಡಿ, ಬಣ್ಣಕ್ಕೂ ಕಲ್ಲಿದ್ದಲಿಗೂ ಬೆಂಕಿ ಹಚ್ಚುತ್ತಿದ್ದವು. ಹೊಗೆಯಲ್ಲಿ ತೋಪಿನವರಿಗೆ ಗುರಿಯೇ ಕಾಣದಾಯಿತು. ಸುವೊರೊವ್‌ನ ಚುಕ್ಕಾಣಿ ಕೆಟ್ಟು ಅದು ಸಾಲಿನಿಂದ ಹೊರಬಿತ್ತು. ರೊಜೆಸ್ತ್‌ವೆನ್‌ಸ್ಕಿ ತಲೆಗೆ ಪೆಟ್ಟು ತಿಂದು ಪ್ರಜ್ಞೆ ತಪ್ಪಿದ. ಮೂರು ಗಂಟೆ ಕಳೆದು ಸ್ವಲ್ಪ ಹೊತ್ತಿಗೆ ಒಸ್ಲ್ಯಾಬ್ಯಾ ಮಗುಚಿ ಮುಳುಗಿತು. ಕವಚ ತೊಟ್ಟ ಆಧುನಿಕ ಯುದ್ಧನೌಕೆಯೊಂದು ತೋಪಿನ ಗುಂಡುಗಳಿಂದಲೇ ಮುಳುಗಿದ್ದು ಇದೇ ಮೊದಲು. ಎರಡನೆಯ ಸ್ಥಾನದ ಅಡ್ಮಿರಲ್ ಫೆಲ್ಕರ್‌ಜಾಮ್ ಕದನಕ್ಕೆ ಕೆಲವು ದಿನ ಮೊದಲೇ ಕಾಯಿಲೆಯಿಂದ ಸತ್ತಿದ್ದ. ಆ ಸುದ್ದಿಯನ್ನು ಮುಚ್ಚಿಟ್ಟು ಒಸ್ಲ್ಯಾಬ್ಯಾದ ಮೇಲೆ ಅವನ ಬಾವುಟವನ್ನು ಹಾಗೇ ಹಾರಿಸಲಾಗಿತ್ತು. ಹೀಗಾಗಿ ಮಧ್ಯಾಹ್ನವಿಡೀ ರಷ್ಯಾದ ಸಾಲಿಗೆ ಆಜ್ಞೆ ಕೊಡುವವರೇ ಇಲ್ಲದೆ, ಮುಂದಿರುವ ಹಡಗು ಎತ್ತ ಹೋದರೆ ಅತ್ತ ಉಳಿದವು ಹೋದವು.

ಸಂಜೆ ಇಂಪೆರಾತೊರ್ ಅಲೆಕ್ಸಾಂದರ್ III ಮಗುಚಿಕೊಂಡಿತು. ಬೊರೊದಿನೊದ ಮದ್ದಿನ ಕೋಣೆ ಸಿಡಿದು ಎಂಟುನೂರಕ್ಕೂ ಹೆಚ್ಚು ಮಂದಿಯಲ್ಲಿ ಒಬ್ಬನೇ ಬದುಕುಳಿದ. ಸುವೊರೊವ್ ಕೊನೆಯವರೆಗೂ ಉಳಿದ ಸಣ್ಣ ತೋಪುಗಳಿಂದ ಗುಂಡು ಹಾರಿಸುತ್ತಲೇ ಟಾರ್ಪೆಡೊಗಳಿಗೆ ಆಹುತಿಯಾಯಿತು.

ರಾತ್ರಿ ಮತ್ತು ಮರುದಿನ

ಕತ್ತಲಾದ ಮೇಲೆ ಟೋಗೊ ದೊಡ್ಡ ಹಡಗುಗಳನ್ನು ಹಿಂದಕ್ಕೆ ಸರಿಸಿ, ಡೆಸ್ಟ್ರಾಯರು ಮತ್ತು ಟಾರ್ಪೆಡೊ ದೋಣಿಗಳನ್ನು ಮುಂದೆ ಬಿಟ್ಟ. ಗಾಬರಿಯಿಂದ ಶೋಧದೀಪ ಹಚ್ಚಿದ ರಷ್ಯನ್ ಹಡಗುಗಳು ತಮ್ಮ ಇರುವನ್ನು ತಾವೇ ತೋರಿಸಿಕೊಟ್ಟವು. ಹಳೆಯ ಯುದ್ಧನೌಕೆ ನವಾರಿನ್ ಆ ರಾತ್ರಿ ಮುಳುಗಿತು. ಇನ್ನೂ ಕೆಲವು ಹಡಗುಗಳು ಬೆಳಗಾಗುವಷ್ಟರಲ್ಲಿ ಉಳಿಯಲಾಗದ ಸ್ಥಿತಿ ತಲುಪಿದವು.

ಮೇ 28ರ ಬೆಳಿಗ್ಗೆ ನೆಬೊಗಾತೊವ್‌ನ ಬಳಿ ಉಳಿದ ಹಡಗುಗಳನ್ನು ಇಡೀ ಜಪಾನಿ ಪಡೆ ಸುತ್ತುವರಿಯಿತು. ಜಪಾನಿನ ಗುಂಡು ಅವನನ್ನು ಮುಟ್ಟುತ್ತಿತ್ತು, ಅವನ ಗುಂಡು ಜಪಾನಿಯರನ್ನು ಮುಟ್ಟುತ್ತಿರಲಿಲ್ಲ. ನಾಲ್ಕು ಯುದ್ಧನೌಕೆಗಳೊಂದಿಗೆ ಅವನು ಶರಣಾದ. ಕರಾವಳಿ ಕಾವಲಿನ ಚಿಕ್ಕ ನೌಕೆ ಅದ್ಮಿರಾಲ್ ಉಶಾಕೊವ್ ಶರಣಾಗಲು ಒಪ್ಪದೆ ಹೋರಾಡಿ ಮುಳುಗಿತು. ಗಾಯಗೊಂಡ ರೊಜೆಸ್ತ್‌ವೆನ್‌ಸ್ಕಿ ಡೆಸ್ಟ್ರಾಯರೊಂದರಲ್ಲಿ ಸೆರೆಸಿಕ್ಕ. ಸಾಸೆಬೊ ಆಸ್ಪತ್ರೆಯಲ್ಲಿ ಟೋಗೊ ಅವನನ್ನು ಕಂಡು ಗೌರವದಿಂದ ಮಾತಾಡಿಸಿದ.

ಜಲಸಂಧಿಗೆ ಬಂದಿದ್ದ 38 ಹಡಗುಗಳಲ್ಲಿ ವ್ಲಾದಿವೊಸ್ತೊಕ್ ಮುಟ್ಟಿದವು ಮೂರೇ: ಹಗುರ ಕ್ರೂಸರ್ ಅಲ್ಮಾಜ್ ಮತ್ತು ಎರಡು ಡೆಸ್ಟ್ರಾಯರುಗಳು. ಅರೋರಾ ಸೇರಿ ಮೂರು ಕ್ರೂಸರುಗಳು ಮನಿಲಾಕ್ಕೆ ಓಡಿಹೋದವು. ರಷ್ಯಾದ ಕಡೆ ನಾಲ್ಕು ಸಾವಿರಕ್ಕೂ ಹೆಚ್ಚು ನಾವಿಕರು ಸತ್ತರು, ಸುಮಾರು ಆರು ಸಾವಿರ ಮಂದಿ ಸೆರೆಯಾದರು. ಜಪಾನ್ ಕಳೆದುಕೊಂಡದ್ದು ಮೂರು ಟಾರ್ಪೆಡೊ ದೋಣಿಗಳನ್ನು ಮತ್ತು 117 ಜನರನ್ನು.

ಕದನದ ಫಲಗಳು

ಅಮೆರಿಕದ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಮಧ್ಯಸ್ಥಿಕೆಯಲ್ಲಿ 1905ರ ಸೆಪ್ಟೆಂಬರ್ 5ರಂದು ಪೋರ್ಟ್ಸ್‌ಮತ್ ಒಪ್ಪಂದವಾಯಿತು. ಪೋರ್ಟ್ ಆರ್ಥರ್‌ನ ಗುತ್ತಿಗೆ, ಸಖಾಲಿನ್ ದ್ವೀಪದ ದಕ್ಷಿಣಾರ್ಧ ಮತ್ತು ಕೊರಿಯಾದ ಮೇಲಿನ ಹಿಡಿತ ಜಪಾನಿಗೆ ಸಿಕ್ಕವು. ಐದೇ ವರ್ಷಗಳಲ್ಲಿ ಅದು ಕೊರಿಯಾವನ್ನು ನುಂಗಿತು. ರಷ್ಯಾದಲ್ಲಿ ಸೋಲಿನ ಸುದ್ದಿ ಕ್ರಾಂತಿಯ ಬೆಂಕಿಗೆ ತುಪ್ಪ ಸುರಿಯಿತು. ಜೂನ್‌ನಲ್ಲಿ ಕಪ್ಪು ಸಮುದ್ರದ ಪೊತ್ಯೊಮ್ಕಿನ್ ಯುದ್ಧನೌಕೆಯ ನಾವಿಕರು ದಂಗೆ ಎದ್ದರು.

ಏಷ್ಯಾದ ವಸಾಹತುಗಳಲ್ಲಿ ಈ ಗೆಲುವು ಬೇರೆಯೇ ಬಗೆಯಲ್ಲಿ ಕೇಳಿಸಿತು. ಹ್ಯಾರೋ ಶಾಲೆ ಸೇರಲು ಇಂಗ್ಲೆಂಡಿಗೆ ಹೊರಟಿದ್ದ ಹದಿನೈದರ ಜವಾಹರಲಾಲ್ ನೆಹರೂ ಡೋವರಿನಿಂದ ಲಂಡನ್ನಿಗೆ ಹೋಗುವ ರೈಲಿನಲ್ಲಿ ತ್ಸುಶಿಮಾದ ಸುದ್ದಿ ಓದಿ ಹಿಗ್ಗಿದ್ದನ್ನು ಆತ್ಮಕಥೆಯಲ್ಲಿ ದಾಖಲಿಸಿದ್ದಾರೆ. ದಕ್ಷಿಣ ಆಫ್ರಿಕಾದಲ್ಲಿದ್ದ ಗಾಂಧೀಜಿ ತಮ್ಮ ‘ಇಂಡಿಯನ್ ಒಪೀನಿಯನ್’ ಪತ್ರಿಕೆಯಲ್ಲಿ ಜಪಾನಿನ ಒಗ್ಗಟ್ಟಿನ ಬಗ್ಗೆ ಬರೆದರು. ಯುರೋಪಿನ ಶಕ್ತಿಗಳು ಸೋಲಬಲ್ಲವು ಎಂಬ ನಂಬಿಕೆಗೆ ಕಣ್ಣೆದುರಿನ ಸಾಕ್ಷಿ ಸಿಕ್ಕಿತ್ತು. ಗೆದ್ದ ಜಪಾನ್ ತಾನೇ ಮತ್ತೊಂದು ಸಾಮ್ರಾಜ್ಯವಾಗುತ್ತಿದೆ ಎಂಬುದು ಕೊರಿಯನ್ನರಿಗೆ ಮೊದಲು, ಉಳಿದವರಿಗೆ ಆಮೇಲೆ ಅರಿವಾಯಿತು.

ನೌಕಾಪಡೆಗಳು ಕಲಿತ ಪಾಠವೂ ದೊಡ್ಡದು. ಜಪಾನಿನ ಹಡಗು ಅಸಾಹಿಯ ಮೇಲೆ ನಿಂತು ಕದನವನ್ನು ಕಣ್ಣಾರೆ ಕಂಡ ಬ್ರಿಟಿಷ್ ಅಧಿಕಾರಿ ವಿಲಿಯಂ ಪಾಕೆನ್‌ಹ್ಯಾಮ್‌ನ ವರದಿಗಳನ್ನು ಲಂಡನ್ನಿನಲ್ಲಿ ಗಮನವಿಟ್ಟು ಓದಿದರು. ಭಾರಿ ತೋಪು ಮತ್ತು ವೇಗ ಎರಡೂ ಒಂದೇ ಹಡಗಿನಲ್ಲಿರಬೇಕು ಎಂದು ಮೊದಲಿಂದಲೂ ವಾದಿಸುತ್ತಿದ್ದವರಿಗೆ ಬಲ ಬಂತು. ಅಡ್ಮಿರಲ್ ಜಾನ್ ಫಿಷರ್‌ನ ಒತ್ತಾಸೆಯಿಂದ 1906ರಲ್ಲಿ ಸಿದ್ಧವಾದ ಡ್ರೆಡ್‌ನಾಟ್ ನಾಲ್ಕರ ಬದಲು ಹತ್ತು 12 ಇಂಚಿನ ತೋಪುಗಳನ್ನು ಹೊತ್ತು, ಟರ್ಬೈನ್ ಯಂತ್ರದಿಂದ 21 ನಾಟ್ ವೇಗದಲ್ಲಿ ಓಡುತ್ತಿತ್ತು. ಅದು ನೀರಿಗಿಳಿದ ದಿನವೇ ತ್ಸುಶಿಮಾದಲ್ಲಿ ಕಾದಾಡಿದ ಬಗೆಯ ಹಡಗುಗಳೆಲ್ಲ ಹಳೆಯವಾದವು. ಬ್ರಿಟನ್ ಮತ್ತು ಜರ್ಮನಿಯ ನಡುವೆ ಡ್ರೆಡ್‌ನಾಟ್‌ಗಳನ್ನು ಕಟ್ಟುವ ಪೈಪೋಟಿ ಶುರುವಾಯಿತು. ಆ ಎರಡು ಪಡೆಗಳು 1916ರ ಮೇ 31ರಂದು ಜಟ್‌ಲೆಂಡ್ ಬಳಿ ಎದುರಾದಾಗ ಒಟ್ಟು ಸುಮಾರು 250 ಹಡಗುಗಳಿದ್ದವು, ಎಂಟು ಸಾವಿರಕ್ಕೂ ಹೆಚ್ಚು ಜನ ಸತ್ತರು. ಆದರೂ ತ್ಸುಶಿಮಾದಂಥ ತೀರ್ಪು ಅಲ್ಲಿ ಬರಲಿಲ್ಲ. ಎರಡೂ ಪಡೆಗಳಿಗೆ ಹತ್ತಿರದಲ್ಲೇ ಬಂದರುಗಳಿದ್ದವು. ಪೆಟ್ಟು ತಿಂದ ಹಡಗು ಮನೆಗೆ ಮರಳಬಹುದಿತ್ತು.

ಜಪಾನ್ ಈ ಗೆಲುವಿನಿಂದ ಕಲಿತದ್ದು ಒಂದೇ ದೊಡ್ಡ ಕದನದಲ್ಲಿ ಯುದ್ಧವನ್ನೇ ಮುಗಿಸಬಹುದು ಎಂಬುದನ್ನು. ತ್ಸುಶಿಮಾದಲ್ಲಿ ನಿಶ್ಶಿನ್ ಹಡಗಿನ ಮೇಲೆ ಎಡಗೈಯ ಎರಡು ಬೆರಳು ಕಳೆದುಕೊಂಡ ತರುಣ ಯಾಮಾಮೊಟೊ ಇಸೊರೊಕು 1941ರಲ್ಲಿ ಪರ್ಲ್ ಹಾರ್ಬರ್ ದಾಳಿಯನ್ನು ಯೋಜಿಸಿದ. ಆದರೆ ಆ ಹೊತ್ತಿಗೆ ಕಲ್ಲಿದ್ದಲಿನ ಜಾಗಕ್ಕೆ ಎಣ್ಣೆ ಬಂದಿತ್ತು, ಅಗಾಧ ಸಾಗರದಲ್ಲಿ ಸರಬರಾಜಿನ ದಾರಿ ಉದ್ದವಾಗಿದ್ದುದು ಜಪಾನಿಗೇ, ಮತ್ತು ಮುಳುಗಿದ ಹಡಗಿಗೆ ಬದಲು ಹಡಗು ಕಟ್ಟಬಲ್ಲ ಕಾರ್ಖಾನೆಗಳಿದ್ದುದು ಎದುರಾಳಿಯ ಬಳಿ. 1905ರಲ್ಲಿ ತನ್ನನ್ನು ಗೆಲ್ಲಿಸಿದ ಬಂದರು, ಇಂಧನ ಮತ್ತು ದುರಸ್ತಿಯ ಬಲ ಈ ಬಾರಿ ತನ್ನ ವಿರುದ್ಧ ನಿಂತಾಗ ಜಪಾನಿನ ನೌಕಾಪಡೆಯೂ ರಷ್ಯಾದ ಪಡೆಯಂತೆಯೇ ಅಳಿಯಿತು.